ಬಣ್ಣದ ಕಾಳಿಲ್ಲದ ತಟ್ಟೆ

ಗ್ಲಾಸ್ಟರ್,
೬ ನವೆಂಬರ್ ೧೯೮೩

ಪ್ರೀತಿಯ ಪಪ್ಪಾ,

ಇವತ್ತು ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಸಿಂಕಿನ ಮೇಲಿನ ಮೊಳೆಯಲ್ಲಿ ಬಿಳಿ ಬಟ್ಟೆಯ ಗಂಟೊಂದು ನೇತಾಡುತ್ತಿತ್ತು. ಅದರೊಳಗಿನ ರಿಕೊಟ್ಟಾ ಗಿಣ್ಣಿನ ನೀರು ಕೆಳಗಿಟ್ಟ ಬೋಗುಣಿಗೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಗಂಟು ನಿನ್ನದಲ್ಲ. ಶೂ ಲೇಸಿಗೆ ಹಾಕುವ ಹಾಗೆ ಎರಡು ಕಿವಿ ಬಿಟ್ಟು ಅಮ್ಮನೇ ಕಟ್ಟಿದ್ದಳು. ಪ್ರತಿ ವರ್ಷ ಮೀನುಗಾರರ ಗಂಟು ಹಾಕಿ, "ಇನ್ನು ಈ ಗಿಣ್ಣು ಅಲ್ಲಿಂದ ಓಡಿಹೋಗಲ್ಲ ಬಿಡು" ಎಂದು ನೀನು ಹೇಳುತ್ತಿದ್ದುದು ನೆನಪಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ಕ್ರಿಸ್‌ಮಸ್ ಕುಕಿಗಳಿಗೆ ಶುರು ಮಾಡಿದ್ದಾಳೆ. ಹಿಟ್ಟಿನ ಹದ ನೋಡಲು ಮೊದಲ ಸಲದ್ದನ್ನು ನವೆಂಬರಿನಲ್ಲಿಯೇ ಬೇಯಿಸುತ್ತಾಳಲ್ಲ, ಅದು.

"ಯಾರಿಗಮ್ಮಾ ಈ ವರ್ಷ?" ಎಂದು ಕೇಳಿದೆ.

"ಯಾರಿಗೆ ಅಂದ್ರೆ? ಕ್ಯಾಲೆಂಡರಿನೋರು ಈ ವರ್ಷ ಕ್ರಿಸ್‌ಮಸ್ ತೆಗೆದುಹಾಕಿದ್ದಾರಾ? ಲಿಲ್ಲೊ ಬಂದ್ರೆ ಕೋಟು ಬಿಚ್ಚೋಕ್ಕಿಂತ ಮುಂಚೆ ಕೇಳೋದೇ ಅದನ್ನ."

ಫೆಬ್ರವರಿಯಿಂದ ಅವಳ ಮಾತು ಹೀಗೆಯೇ ಇದೆ. ನಿನ್ನ ದೋಣಿಯ ಮೇಲಿಂದ ಅಲೆ ನನ್ನ ತಮ್ಮ ಲಿಲ್ಲೊನನ್ನು ಎಳೆದುಕೊಂಡು ಹೋದದ್ದನ್ನು ನೀನೇ ಕಣ್ಣಾರೆ ಕಂಡೆ. ಕೋಸ್ಟ್ ಗಾರ್ಡಿನವರಿಗೆ ಹೇಳಿದೆ, ಪಾದ್ರಿಗಳಿಗೆ ಹೇಳಿದೆ, ನನಗೂ ಹೇಳಿದೆ. ಅಮ್ಮನಿಗೆ ಮಾತ್ರ ಹೇಳಲಿಲ್ಲ. ಅವಳು ಊಟದ ಮೇಜಿನಲ್ಲಿ ದಿನವೂ ಒಂದೇ ಪ್ರಶ್ನೆ ಕೇಳಿದಳು: "ಎಲ್ಲಿ ಬಿಟ್ಟು ಬಂದೆ ನನ್ನ ಮಗನ್ನ?" ನೀನು ದಿನವೂ ತಟ್ಟೆ ನೋಡಿದೆ. ಮೇ ತಿಂಗಳಲ್ಲಿ ದೋಣಿ ಕಟ್ಟಿಹಾಕಿ ನ್ಯೂ ಬೆಡ್‌ಫರ್ಡಿಗೆ ಹೊರಟುಹೋದೆ. ಅಂದಿನಿಂದ ಅಮ್ಮ ನಿನ್ನ ಹೆಸರನ್ನು ಬಾಯಿಗೆ ತಂದಿಲ್ಲ. ಲಿಲ್ಲೊನ ಹೆಸರನ್ನು ಬಿಟ್ಟೂ ಇಲ್ಲ.

ಮೊನ್ನೆ ಸತ್ತವರ ಹಬ್ಬದ ದಿನ ಮೇಜಿನ ಮೇಲೆ ತನ್ನ ಅಪ್ಪ ಅಮ್ಮನಿಗೂ ನಿನ್ನ ತಾಯಿಗೂ ತಟ್ಟೆ ಇಟ್ಟು, ಬಾದಾಮಿಯ ಸಿಹಿ ಬಡಿಸಿದಳು. ನಾನು ಇನ್ನೊಂದು ತಟ್ಟೆ ತೆಗೆದೆ. ಅವಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬೀರುವಿನಲ್ಲಿಟ್ಟು ಬಾಗಿಲು ಹಾಕಿದಳು. ಸೂತಕದ ಕಪ್ಪು ಬಟ್ಟೆ ಇನ್ನೂ ಉಟ್ಟಿಲ್ಲ. ಹಸಿರು ಸ್ವೆಟರನ್ನೇ ಹಾಕಿಕೊಂಡು ಚರ್ಚಿಗೆ ಬರುತ್ತಾಳೆ. ಜನ ಸ್ವೆಟರನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ.

ಸೂತಕದ ವರ್ಷ ಮನೆಯಲ್ಲಿ ಹಬ್ಬದ ಸಿಹಿಗೆ ಓವನ್ ಹಚ್ಚುವವರನ್ನು ನಮ್ಮ ಬೀದಿ ಇದುವರೆಗೆ ಕಂಡಿಲ್ಲ. ಅವಳು ಕ್ರಿಸ್‌ಮಸ್ಸಿಗೆ ಪೂರಾ ಬೇಯಿಸಿ ಹಂಚಲು ಹೊರಟರೆ ಯಾರೂ ಮುಟ್ಟುವುದಿಲ್ಲ. ಮುಟ್ಟದ ತಟ್ಟೆಗಳ ಮುಂದೆ ಅವಳು ನಿಲ್ಲುವುದನ್ನು ನಾನು ನೋಡಲಾರೆ. ನೀನು ಬಾ. ಬರಲಾಗದಿದ್ದರೆ ಅವಳಿಗೆ ಬರೆ. ಅವನು ಇಲ್ಲವೆಂದು ನೀನು ಹೇಳಿದರೆ ಮಾತ್ರ ನಂಬುತ್ತಾಳೆ. ಬೇರೆ ಯಾರು ಹೇಳಿದರೂ ಅದು ಅವಳಿಗೆ ಬೀದಿಯ ಮಾತು.

ನಿನ್ನ,
ಫೀನಾ

*

ನ್ಯೂ ಬೆಡ್‌ಫರ್ಡ್,
೧೫ ನವೆಂಬರ್

ಮಗಳೇ,

ಕಾಗದ ಬಂತು. ನಾನು ಚೆನ್ನಾಗಿದ್ದೇನೆ. ಬಂದರಿನ ಶೆಡ್ಡಿನಲ್ಲಿ ಬಲೆ ಹೊಲಿಯುವ ಕೆಲಸ. ನೀರಿಗೆ ಇಳಿಯುವುದಿಲ್ಲ. ಮನೆಯೊಡತಿ ದೆಲ್ಮಿರಾ ಪೋರ್ಚುಗೀಸಿನವಳು. ಎಲ್ಲದಕ್ಕೂ ಉಪ್ಪುಮೀನು ಹಾಕುತ್ತಾಳೆ. ಮೊನ್ನೆ ಕಾಫಿಗೂ ಹಾಕಿದಳೇನೋ ಎನ್ನಿಸಿತು.

ರಿಕೊಟ್ಟಾವನ್ನು ಎರಡು ರಾತ್ರಿ ನೇತುಹಾಕಲು ಹೇಳು. ಒಂದು ರಾತ್ರಿ ಸಾಲದು, ಹಿಟ್ಟು ಓವನ್ನಿನಲ್ಲಿ ಹರಡಿಕೊಳ್ಳುತ್ತದೆ. ಕಿವಿ ಗಂಟು ಭಾರಕ್ಕೆ ಜಾರುತ್ತದೆ, ಅದನ್ನೂ ಹೇಳು. ನಾನು ಹೇಳಿದ್ದು ಅನ್ನಬೇಡ.

ನಿನ್ನ ಅಮ್ಮ ರಾತ್ರಿ ಮುಂಬಾಗಿಲ ಚಿಲಕ ಹಾಕುತ್ತಾಳಾ? ನಾನಿದ್ದಾಗ ಹಾಕುತ್ತಿರಲಿಲ್ಲ. ಹುಡುಗನ ಹತ್ತಿರ ಬೀಗದ ಕೈ ಇಲ್ಲ ಎನ್ನುತ್ತಿದ್ದಳು. ನೀನಾದರೂ ಹಾಕು. ಬಂದರಿನ ಕಡೆ ಹೊಸಬರು ಓಡಾಡುತ್ತಾರೆ.

ನೀನು ಕೇಳಿದ್ದನ್ನು ಬರೆಯಲು ಕೂತೆ. ಬರೆದು ಹರಿದೆ. ಮತ್ತೆ ಬರೆದೆ. ಅಲ್ಲಿಯವರೆಗೆ ಬರುತ್ತೇನೆ, ಫೀನಾ. ಅಲೆ ಬಂದ ತನಕ ಬರೆಯುತ್ತೇನೆ. ಆಮೇಲೆ ಕೈ ಹೋಗುವುದಿಲ್ಲ.

ಚಳಿ ಜಾಸ್ತಿಯಾಗಿದೆ. ಲೈಬ್ರರಿಗೆ ನಡೆದು ಹೋಗುವಾಗ ಕಿವಿ ಮುಚ್ಚಿಕೋ.

ಪಪ್ಪಾ

*

ಗ್ಲಾಸ್ಟರ್,
೨೫ ನವೆಂಬರ್

ಪ್ರೀತಿಯ ಪಪ್ಪಾ,

ನಡೆಯಬಾರದ್ದು ನಡೆದುಹೋಯಿತು. ಮೊದಲಿನಿಂದ ಹೇಳುತ್ತೇನೆ.

ಹೊಸ ರಿಕೊಟ್ಟಾವನ್ನು ಎರಡು ರಾತ್ರಿ ನೇತುಹಾಕಿ ಅಮ್ಮ ಈ ಸೋಮವಾರ ಮೊದಲ ಸಲದ್ದನ್ನು ಬೇಯಿಸಿದಳು. ಚೆನ್ನಾಗಿಯೇ ಬಂದಿದ್ದವು, ಒತ್ತಿದರೆ ಮಗುವಿನ ಕೆನ್ನೆಯ ಹಾಗೆ ಒಳಗೆ ಹೋಗಿ ಮೇಲೆ ಬರುವಂಥವು. ಆರಿದ ಮೇಲೆ ಒಂದೊಂದನ್ನೂ ತಲೆಕೆಳಗೆ ಮಾಡಿ ಸಕ್ಕರೆ ಲೇಪದಲ್ಲಿ ಅದ್ದಿ ಜಾಲರಿಯ ಮೇಲಿಟ್ಟಳು. ನಾನು ಬಣ್ಣದ ಸಕ್ಕರೆ ಕಾಳಿನ ಬಾಟಲಿ ತೆಗೆದುಕೊಂಡೆ. ಲೇಪ ಹಸಿಯಾಗಿದ್ದಾಗಲೇ ಉದುರಿಸಬೇಕಲ್ಲ.

"ಅದನ್ನ ಕೆಳಗಿಡು," ಎಂದಳು. "ಕಾಳು ಹಾಕೋದು ಯಾರ ಕೆಲಸ?"

ಲಿಲ್ಲೊನ ಕೆಲಸ. ಕುರ್ಚಿಯ ಮೇಲೆ ನಿಂತು ಕೋಳಿಗೆ ಕಾಳು ಎರಚುವ ಹಾಗೆ ಎರಚುತ್ತಿದ್ದ. ಹತ್ತೊಂಬತ್ತು ವರ್ಷ ತುಂಬಿದ ಮೇಲೂ ಕುರ್ಚಿ ಹತ್ತುತ್ತಿದ್ದ. ಈಸ್ಟರಿನ ತನಕ ನಮ್ಮ ಕಾಲಿನಡಿ ಕಾಳು ಕರಕರ ಎನ್ನುತ್ತಿದ್ದವು.

"ಅವನು ಬಂದು ಹಾಕ್ತಾನೆ," ಎಂದಳು ಅಮ್ಮ. ಹಾಗೇ ಬಿಟ್ಟಳು. ಬೆಳಗಿನ ಹೊತ್ತಿಗೆ ಲೇಪ ಒಣಗಿ ಗಟ್ಟಿಯಾಗಿತ್ತು. ಬರೀ ಬಿಳಿ ಕುಕಿಗಳನ್ನು ದೊಡ್ಡ ತಟ್ಟೆಯಲ್ಲಿ ಜೋಡಿಸಿ ಕಿಟಕಿಯ ಹತ್ತಿರ ಇಟ್ಟಳು.

ಬೀದಿಯಿಂದ ನೋಡಿದವರಿಗೆ ಏನು ಕಾಣಿಸಿರಬೇಕು, ಯೋಚಿಸು. ಬಣ್ಣದ ಕಾಳಿಲ್ಲದ ಬಿಳಿ ಕುಕಿಗಳನ್ನು ಸೂತಕದ ಮನೆಗೆ ತಂದುಕೊಡುವವರು ಮಾತ್ರ ಮಾಡುತ್ತಾರೆ. ಅದು ನಮ್ಮ ಕಿಟಕಿಯಲ್ಲಿದೆ ಎಂದರೆ, ಯಾರೋ ತಂದುಕೊಟ್ಟಿದ್ದಾರೆ, ಅಮ್ಮ ತೆಗೆದುಕೊಂಡಿದ್ದಾಳೆ. ಅವನು ಇಲ್ಲವೆಂದು ಕೊನೆಗೂ ಒಪ್ಪಿಕೊಂಡಿದ್ದಾಳೆ. ನಿಂಫಾ ಅತ್ತೆ ನೋಡಿದ್ದಾಳೆ. ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಗಿದೆ. ಬುಧವಾರ ಅತ್ತೆಯೂ ಪಕ್ಕದ ಮನೆಯ ಕುರ್ಚೊ ಕುಟುಂಬದ ಹೆಂಗಸೂ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬಾಗಿಲಿಗೆ ಬಂದರು.

"ಅತ್ತಿಗೇ, ತೆಗಿಯೇ ಬಾಗಿಲು. ಕೈ ಬಿದ್ದುಹೋಗ್ತಿದೆ."

ಅಮ್ಮನಿಗೆ ಎಷ್ಟು ಖುಷಿಯಾಯಿತು ಗೊತ್ತಾ? ತಿಂಗಳುಗಳಿಂದ ಯಾರೂ ಬಂದಿರಲಿಲ್ಲ. "ಬನ್ನಿ ಬನ್ನಿ. ಇದೇನು, ಇಷ್ಟು ಬೇಗ ಹಂಚೋಕೆ ಹೊರಟ್ರಿ? ನನ್ನ ಸೋಲಿಸಬೇಕು ಅಂತಾನಾ?" ಎಂದು ಅವರ ಕೋಟು ತೆಗೆಸಿದಳು.

ಅತ್ತೆ ತಟ್ಟೆ ಇಟ್ಟು ಅಮ್ಮನನ್ನು ತಬ್ಬಿಕೊಂಡು ಅಳತೊಡಗಿದಳು. "ಒಳ್ಳೇದಾಯ್ತು ಕಣೇ. ನಾನು ಬೇಡಿಕೊಳ್ಳದ ದೇವರಿಲ್ಲ. ಆದ್ರೆ ನಿನ್ನ ಸ್ವಂತ ನಾದಿನಿ ನಾನು, ಮೊದಲು ನಾನು ತರಬೇಕಿತ್ತಲ್ಲ. ಯಾರೇ ಅದು ನನಗಿಂತ ಮುಂಚೆ ತಂದೋರು?"

"ಏನು ತಂದೋರು?"

ಅಮ್ಮ ಬಟ್ಟೆ ಎತ್ತಿದಳು.

"ನಿಂಫಾ, ಇದಕ್ಕೆ ಬಣ್ಣ ಹಾಕೋದು ಮರೆತಿದೀಯ."

"ಮರೀತೀನಾ? ಲಿಲ್ಲೊ ಹೋಗಿ ಇನ್ನೂ ವರ್ಷ ತುಂಬಿಲ್ಲ, ಬಣ್ಣ ಹೇಗೆ..."

"ಲಿಲ್ಲೊ ಎಲ್ಲಿಗೆ ಹೋಗಿದಾನೆ?"

ಕುರ್ಚೊ ಹೆಂಗಸು ಪಾಪ, ಸರಿಮಾಡಲು ಹೋದಳು. "ಅಲ್ಲಾ ಆಗತಾ, ನಿಮ್ಮ ಕಿಟಕೀಲಿ ಬಿಳೀದು ನೋಡಿದ್ವಲ್ಲಾ, ಅದಕ್ಕೇ..."

"ಅದು ನಾನು ಮಾಡಿದ್ದು. ನನ್ನ ಮಗ ಬಂದು ಕಾಳು ಹಾಕ್ಲಿ ಅಂತ ಬಿಟ್ಟಿರೋದು. ನಿಮ್ಮನೇಲಿ ಯಾರಾದ್ರೂ ಸತ್ತಿದ್ರೆ ಹೇಳಿ, ಇಂಥದ್ದನ್ನ ನಾನೇ ತಂದುಕೊಡ್ತೀನಿ."

"ನಾಲಿಗೆ ಹಿಡ್ಕೋ ಅತ್ತಿಗೆ!" ಎಂದಳು ಅತ್ತೆ. "ನಿನ್ನೊಬ್ಬಳಿಗೇ ಹೋಗಿರೋದಾ? ಆ ಹುಡುಗ ನನ್ನ ಮಡಿಲು ಒದ್ದೆ ಮಾಡ್ಕೊಂಡೇ ಬೆಳೆದಿದ್ದು. ನನಗೆ ಅಳೋಕೂ ಬಿಡಲ್ಲ ನೀನು. ನೀನು ಅಳದೆ ನಾವು ಹೇಗೆ ಅಳೋದು?"

ಅಮ್ಮ ಎರಡೂ ತಟ್ಟೆಗಳನ್ನು ಅವರ ಕೈಗೆ ವಾಪಸು ಕೊಟ್ಟಳು. ಒಂದನ್ನೂ ತೆಗೆದಿಟ್ಟುಕೊಳ್ಳಲಿಲ್ಲ. ತಂದ ತಟ್ಟೆ ಖಾಲಿಯಾಗಿಯೇ ಹಿಂದಿರುಗಬೇಕು. ತುಂಬಿದ್ದು ತುಂಬಿದ ಹಾಗೇ ಮರಳಿದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಕುರ್ಚೊ ಹೆಂಗಸು ಕೋಟಿನ ಗುಂಡಿ ಕೂಡ ಹಾಕಿಕೊಳ್ಳದೆ ಮೆಟ್ಟಿಲಿಳಿದಳು. ಅತ್ತೆ ಮಾತ್ರ ಬಾಗಿಲಲ್ಲಿ ತಿರುಗಿ ನನ್ನನ್ನು ನೋಡಿದಳು. ನಾನು ಬೀರುವಿನ ಪಕ್ಕ ನಿಂತಿದ್ದೆ. ನನಗೆ ಮಾತು ಯಾವಾಗಲೂ ಜನ ಹೋದ ಮೇಲೆ ಬರುತ್ತದೆ.

ನಿನ್ನೆ ಥ್ಯಾಂಕ್ಸ್‌ಗಿವಿಂಗ್. ನಾವಿಬ್ಬರೇ ಇಷ್ಟು ಚಿಕ್ಕ ಕೋಳಿಯೊಂದನ್ನು ತಿಂದೆವು. ಅಮ್ಮ ಇದ್ದಕ್ಕಿದ್ದ ಹಾಗೆ, "ನೀನಾದ್ರೂ ನಂಬ್ತೀಯಲ್ಲಾ ಫೀನಾ?" ಎಂದು ಕೇಳಿದಳು. "ಸೂಪು ಆರುತ್ತೆ ಅಮ್ಮಾ, ಕುಡಿ," ಎಂದೆ. ನಿನ್ನ ಮಗಳಲ್ಲವೇ ನಾನು.

ಅವಳು ಮಲಗಲು ಹೋದ ಮೇಲೆ ಕಿಟಕಿಯ ತಟ್ಟೆಯಿಂದ ಒಂದು ಕುಕಿ ತೆಗೆದುಕೊಂಡೆ. ಅವನು ತಿನ್ನುತ್ತಿದ್ದ ಹಾಗೆ ಮೊದಲು ಲೇಪವನ್ನು ಹಲ್ಲಿನಿಂದ ಎಬ್ಬಿಸಿ ತಿಂದೆ. ಪಪ್ಪಾ, ನನಗೂ ಅವನು ತಮ್ಮ. ಇದನ್ನು ಯಾರಿಗಾದರೂ ಹೇಳಬೇಕಿತ್ತು.

ಫೀನಾ

*

ನ್ಯೂ ಬೆಡ್‌ಫರ್ಡ್,
೩ ಡಿಸೆಂಬರ್

ಫೀನಾ,

ನಿನ್ನ ಕಾಗದವನ್ನು ಶೆಡ್ಡಿನಲ್ಲಿ ಓದಿದೆ. ಆಮೇಲೆ ಹೊಲಿದ ಬಲೆಯನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಆ ಕುಕಿ ಮಾಡುವುದು ಹೇಗೆ? ಬರೆದು ಕಳಿಸು. ನಾನು ತಿಂದವನೇ ಹೊರತು ಮಾಡಿದವನಲ್ಲ. ನಿನ್ನಮ್ಮ ಮಾಡುವಾಗ ನಾನು ಮೇಜಿನ ಆಚೆ ಕೂತು ಪೇಪರು ಓದುತ್ತಿದ್ದೆ. ಎಲ್ಲ ನೋಡಿದ್ದೇನೆ, ಏನೂ ಗೊತ್ತಿಲ್ಲ.

ದೆಲ್ಮಿರಾ ಓವನ್ ಕೊಡಲು ಒಪ್ಪಿದ್ದಾಳೆ. "ನಿನಗೆ ಯಾಕಯ್ಯಾ ಕುಕಿ, ಯಾವಳಾದ್ರೂ ಸಿಕ್ಕಿದ್ಳಾ?" ಎಂದಳು. ಹೂಂ ಅಂದೆ.

ನೀನು ಯಾಕೆಂದು ಕೇಳಬೇಡ. ನಿನಗೆ ಗೊತ್ತಾಗುತ್ತದೆ.

ಪಪ್ಪಾ

*

ಗ್ಲಾಸ್ಟರ್,
೮ ಡಿಸೆಂಬರ್

ಪ್ರೀತಿಯ ಪಪ್ಪಾ,

ಗೊತ್ತಾಯಿತು. ಅದಕ್ಕೇ ಇದನ್ನು ಬರೆಯಲು ಎರಡು ದಿನ ಹಿಡಿಯಿತು.

ರಿಕೊಟ್ಟಾ ಸೋರಿಸುವುದು ನಿನಗೆ ಗೊತ್ತಿರುವ ಒಂದೇ ಭಾಗ, ಅದನ್ನು ಬಿಡುತ್ತೇನೆ. ಬೆಣ್ಣೆಯನ್ನು ಹೊರಗಿಟ್ಟು ತಾನಾಗಿ ಮೆತ್ತಗಾಗಲು ಬಿಡು, ಒಲೆಯ ಮೇಲೆ ಕರಗಿಸಬೇಡ. ಬೆಣ್ಣೆ ಒಂದು ಬಟ್ಟಲು, ಸಕ್ಕರೆ ಎರಡು. ಎರಡೂ ಬೆಳ್ಳಗಾಗುವ ತನಕ ಉಜ್ಜಬೇಕು. ನಿನ್ನ ತೋಳು ನೋಯಿತು ಅನ್ನಿಸಿದ ಮೇಲೂ ಸ್ವಲ್ಪ. ಆಮೇಲೆ ಮೊಟ್ಟೆ ಎರಡು, ರಿಕೊಟ್ಟಾ ಎರಡು ಬಟ್ಟಲು, ವೆನಿಲಾ, ನಿಂಬೆಯ ಸಿಪ್ಪೆ ತುರಿದು ಹಾಕು. ಹಳದಿ ಮಾತ್ರ, ಒಳಗಿನ ಬಿಳಿ ಸೇರಿದರೆ ಕಹಿ. ಮೈದಾ ನಾಲ್ಕು ಬಟ್ಟಲು, ಬೇಕಿಂಗ್ ಪೌಡರು, ಚಿಟಿಕೆ ಉಪ್ಪು. ಮೈದಾ ಬಿದ್ದ ಮೇಲೆ ಜಾಸ್ತಿ ಕಲಸಬೇಡ. ಹಗ್ಗ ಎಳೆಯುವ ಕೈ ನಿನ್ನದು, ಅದನ್ನು ಮರೆ. ಹಿಟ್ಟು ಕೈಗೆ ಅಂಟುತ್ತದೆ. ಅಂಟುತ್ತದೆಂದು ಮೈದಾ ಸುರಿದೆಯೋ, ಮುಗಿಯಿತು. ಒಂದು ತಾಸು ತಣ್ಣಗಿಡು. ಚಮಚದಿಂದ ಒಂದೊಂದೇ ಉಂಡೆ ಬಿಡು. ತಳ ಕೆಂಪಾಗಬೇಕು, ಮೇಲೆ ಬಿಳಿಯಾಗೇ ಇರಬೇಕು. ಮೇಲೆ ಕೆಂಪಾಗಲಿ ಎಂದು ಕಾಯುವವರೇ ಗಟ್ಟಿ ಕುಕಿ ಮಾಡುವವರು.

ಲೇಪಕ್ಕೆ ಪುಡಿಸಕ್ಕರೆ, ಹಾಲು. ಪೂರ್ತಿ ಆರಿದ ಮೇಲೆ ಅದ್ದು.

ಇನ್ನು ಬಣ್ಣದ ಕಾಳು. ಅದನ್ನು ನಾನು ಹೇಳಿಕೊಡಲಾರೆ. ಕಾಳು ಹಾಕಿ ತಂದರೆ ಅಮ್ಮ ನಿನ್ನನ್ನು ಒಳಗೆ ಕರೆಯುತ್ತಾಳೆ. ಅವನು ಬರುತ್ತಾನೆಂದು ನೀನೂ ನಂಬಿದೆ ಎಂದು ತಿಳಿಯುತ್ತಾಳೆ. ನಿನ್ನ ಕುರ್ಚಿ, ನಿನ್ನ ಹಾಸಿಗೆ ಎಲ್ಲ ಸಿಗುತ್ತದೆ. ಆಮೇಲೆ ನಾವು ಮೂವರೂ ಸೇರಿ ಬಾಗಿಲಿಗೆ ಚಿಲಕ ಹಾಕದೆ ಮಲಗಬಹುದು. ಕಾಳು ಹಾಕದೆ ತಂದರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ತಟ್ಟೆ ನಿನ್ನ ಮುಖಕ್ಕೇ ಬೀಳಬಹುದು.

ಇನ್ನೊಂದು ಮಾತು. ಸೂತಕದ ಮನೆಯವರು ಬೇಯಿಸುವಂತಿಲ್ಲ, ತಂದುಕೊಡುವವರು ಹೊರಗಿನವರು. ಅವನ ತಂದೆಯೇ ಬಿಳಿ ಕುಕಿ ಮಾಡಿ ತಂದರೆ, ತಾನು ಆ ಮನೆಯವನಲ್ಲ ಎಂದು ತಾನೇ ಹೇಳಿದ ಹಾಗೆ. ಬೀದಿ ಹಾಗೆಯೇ ಲೆಕ್ಕ ಹಾಕುತ್ತದೆ. ಅಮ್ಮನೂ ಹಾಕಬಹುದು. ಇದನ್ನು ಯೋಚಿಸಿದ್ದೀಯಾ?

ಅಮ್ಮ ಇಪ್ಪತ್ತೆರಡನೇ ತಾರೀಖು, ಗುರುವಾರ, ಹಬ್ಬದ ಪೂರಾ ಹಿಟ್ಟು ಕಲಸುತ್ತಾಳಂತೆ. ಬೀದಿಗೆಲ್ಲ ಹಂಚುತ್ತಾಳಂತೆ. "ತಿನ್ನದೋರು ಬಿಡ್ಲಿ, ಬೆಕ್ಕುಗಳಿಗೆ ಹಬ್ಬ," ಎನ್ನುತ್ತಾಳೆ.

ಫೀನಾ

*

ನ್ಯೂ ಬೆಡ್‌ಫರ್ಡ್,
೧೭ ಡಿಸೆಂಬರ್

ಮಗಳೇ,

ಮೊದಲ ಸಲದ್ದು ಕಲ್ಲಾಯಿತು. ಹಿಟ್ಟು ಅಂಟಿತು, ಮೈದಾ ಸುರಿದೆ. ದೆಲ್ಮಿರಾ ಒಂದನ್ನು ಮೇಜಿಗೆ ಕುಟ್ಟಿ ನೋಡಿ, "ಇದನ್ನ ಬಲೆಗೆ ಕಟ್ಟು, ಸೀಸದ ಗುಂಡಿಗಿಂತ ಬೇಗ ಮುಳುಗುತ್ತೆ," ಎಂದಳು. ಹೇಳಿದ ಮೇಲೆ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಅವಳಿಗೆ ವಿಷಯ ಗೊತ್ತು. ಆಮೇಲೆ ಅವಳೇ ಮೈದಾ ಅಳೆದುಕೊಟ್ಟಳು.

ಎರಡನೇ ಸಲ ಪರವಾಗಿಲ್ಲ. ಆಕಾರ ಒಂದೊಂದೂ ಒಂದೊಂದು ತರ. ಮೆತ್ತಗಿವೆ. ನಿನ್ನ ಅಜ್ಜಿ ನಿಂಬೆ ಹಾಕುತ್ತಿರಲಿಲ್ಲ, ಕಿತ್ತಳೆ ಸಿಪ್ಪೆ ಹಾಕುತ್ತಿದ್ದಳು. ವಾಸನೆ ನೆನಪಾಗಿ ನಾನೂ ಅದನ್ನೇ ಹಾಕಿದೆ. ಹಬ್ಬಕ್ಕೆ ಹೊಸದಾಗಿ ಮಾಡುತ್ತೇನೆ.

ಬಣ್ಣದ ಕಾಳಿನ ಬಾಟಲಿ ಅಂಗಡಿಯಲ್ಲಿ ಕೊಂಡೆ. ಒಂದೆರಡು ದಿನ ಕಪಾಟಿನಲ್ಲಿತ್ತು. ದೆಲ್ಮಿರಾಳ ಮೊಮ್ಮಗಳಿಗೆ ಕೊಟ್ಟುಬಿಟ್ಟೆ. ಅವಳು ಅಂಗೈಯಲ್ಲಿ ಸುರಿದುಕೊಂಡು ತಿಂದಳು.

ಹೊರಗಿನವನಾಗುತ್ತೀಯ ಅಂದೆಯಲ್ಲ. ಯೋಚಿಸಿದೆ. ಮನೆಯವನು ಅನ್ನಿಸಿಕೊಂಡು ಆ ಮೇಜಿನಲ್ಲಿ ಅಷ್ಟು ದಿನ ಕೂತೆ. ಅವಳಿಗೆ ನನ್ನಿಂದ ಏನು ಸಿಕ್ಕಿತು?

ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಅವಳು ಚರ್ಚಿಗೆ ಪೂಜೆಗೆ ಹೋಗಿರುವ ಹೊತ್ತಿಗೆ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತೇನೆ. ಬಾಗಿಲು ತಟ್ಟುವುದಿಲ್ಲ. ನೀನು ಹೊರಗೆ ಬರಬೇಡ. ನಿನ್ನನ್ನು ನೋಡಿದರೆ ಒಳಗೆ ಬಂದುಬಿಡುತ್ತೇನೆ.

ಪಪ್ಪಾ

*

ಗ್ಲಾಸ್ಟರ್,
೨೮ ಡಿಸೆಂಬರ್

ಪ್ರೀತಿಯ ಪಪ್ಪಾ,

ನಾನು ಹೊರಗೆ ಬರಲಿಲ್ಲ. ಮಹಡಿಯ ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ. ನೀನು ತೆಳ್ಳಗಾಗಿದ್ದೀಯ. ತಟ್ಟೆ ಇಟ್ಟ ಮೇಲೆ ಮುಚ್ಚಿದ ಟವೆಲ್ಲನ್ನು ಗಾಳಿಗೆ ಹಾರದ ಹಾಗೆ ಸುತ್ತಲೂ ಸಿಕ್ಕಿಸಿದೆ. ಆಮೇಲೂ ಸ್ವಲ್ಪ ಹೊತ್ತು ಬಾಗಿದ ಹಾಗೇ ಇದ್ದೆ.

ಅಮ್ಮ ಚರ್ಚಿನಿಂದ ಬಂದವಳು ತಟ್ಟೆಯನ್ನು ಒಳಗೆ ತಂದಳು, ನಗುತ್ತಾ. "ನೋಡು, ಬಂದ್ಳು ದಾರಿಗೆ ನಿನ್ನ ಅತ್ತೆ. ಹಟಮಾರಿ, ಬಾಗಿಲು ತಟ್ಟೋಕೆ ನಾಚಿಕೆ ಅವಳಿಗೆ." ಮೇಜಿನ ಮೇಲೆ ಅವಳು ಕಲಸಿಟ್ಟ ಹಬ್ಬದ ಹಿಟ್ಟಿತ್ತು. ಓವನ್ ಕಾಯುತ್ತಿತ್ತು. ಟವೆಲ್ ತೆಗೆದಳು.

ಬಿಳಿ. ಮುಖ ಬಿಗಿಯಾಯಿತು. "ಮತ್ತೆ ಅದನ್ನೇ ತಂದಿದಾಳಾ!" ಎಂದು ತಟ್ಟೆ ಎತ್ತಿಕೊಂಡು ಬಾಗಿಲ ತನಕ ಹೋದಳು. ಅಲ್ಲಿ ನಿಂತಳು. ಮೂಸಿ ನೋಡಿದಳು. ಒಂದನ್ನು ಮುರಿದಳು.

"ಕಿತ್ತಳೆ," ಎಂದಳು. "ನಿಂಫಾ ಯಾವತ್ತೂ ಸೋಂಪು ಹಾಕೋಳು. ಕಿತ್ತಳೆ ಹಾಕ್ತಿದ್ದೋಳು ನಿನ್ನ ಅಜ್ಜಿ ಒಬ್ಬಳೇ, ಅವಳೂ ಹೋದಳು."

ಅವಳು ತಟ್ಟೆಯಲ್ಲಿದ್ದ ಸೊಟ್ಟ ಸೊಟ್ಟ ಕುಕಿಗಳನ್ನೆಲ್ಲ ನೋಡಿದಳು, ಒಂದರ ಬದಿಯ ಲೇಪದಲ್ಲಿ ಮೂಡಿ ಒಣಗಿದ್ದ ದೊಡ್ಡ ಹೆಬ್ಬೆರಳಿನ ಗುರುತನ್ನೂ.

"ಅವನಾ?"

"ಹೂಂ."

"ಅವನೇ ಮಾಡಿದ್ನಾ?"

"ಹೂಂ ಅಮ್ಮಾ."

ಅವಳು ಕಪಾಟಿನಿಂದ ಬಣ್ಣದ ಕಾಳಿನ ಬಾಟಲಿ ತೆಗೆದಳು. ಮುಚ್ಚಳ ಬಿಚ್ಚಿ ನೀನು ತಂದ ಕುಕಿಗಳ ಮೇಲೆ ಸುರಿದಳು. ಒಣಗಿದ ಲೇಪದ ಮೇಲೆ ಕಾಳು ನಿಲ್ಲಲಿಲ್ಲ. ಉರುಳಿ ಮೇಜಿಗೆ, ಮೇಜಿನಿಂದ ನೆಲಕ್ಕೆ ಬಿದ್ದವು. ಮತ್ತೆ ಸುರಿದಳು. ಬೆರಳಿಂದ ಒತ್ತಿದಳು. ಬೆರಳಿಗೇ ಅಂಟಿಕೊಂಡು ಬಂದವು.

"ನಿಲ್ತಾ ಇಲ್ಲ," ಎಂದಳು.

"ಒಣಗಿದೆ ಅಮ್ಮಾ."

"ನಿಲ್ತಾ ಇಲ್ಲ ಫೀನಾ."

ಬಾಟಲಿ ಖಾಲಿಯಾಯಿತು. ಅವಳು ನೆಲದ ಮೇಲೆ ಮೊಣಕಾಲೂರಿ ಕಾಳುಗಳನ್ನು ಅಂಗೈಯಿಂದ ಒಟ್ಟು ಮಾಡತೊಡಗಿದಳು. ನಾನೂ ಕೂತೆ. ಒಟ್ಟು ಮಾಡುತ್ತಲೇ, ತಲೆ ಎತ್ತದೆ, ಕೇಳಿದಳು:

"ನೋಡಿದಾನಾ ಅವನು?"

"ನೋಡಿದಾನೆ."

"ಕೊನೇವರೆಗೂ?"

"ಹೂಂ."

ಆಮೇಲೆ ಅವಳು ಅತ್ತಳು, ಪಪ್ಪಾ. ಅದನ್ನು ಬರೆಯುವುದಿಲ್ಲ. ಪಕ್ಕದ ಮನೆಯ ಕುರ್ಚೊ ಹೆಂಗಸು ತನ್ನ ರೇಡಿಯೋ ಆರಿಸಿದ್ದು ನನಗೆ ಕೇಳಿಸಿತು, ಅಷ್ಟು ಹೇಳುತ್ತೇನೆ.

ಎದ್ದ ಮೇಲೆ ಓವನ್ ಆರಿಸಿದಳು. ಕಲಸಿದ ಹಿಟ್ಟನ್ನು ಪಾತ್ರೆಯ ಸಮೇತ ನನ್ನ ಕೈಗಿಟ್ಟಳು. "ನಿಂಫಾಗೆ ಕೊಡು. ನಮ್ಮನೇಲಿ ಬೇಯಿಸೋ ಹಾಗಿಲ್ಲ. ಅವಳು ಬೇಯಿಸಿ ತರ್ಲಿ." ನಾನು ಪಾತ್ರೆ ಹೊತ್ತುಕೊಂಡು ಬೀದಿಯಲ್ಲಿ ನಡೆದೆ. ಅತ್ತೆ ಬಾಗಿಲು ತೆಗೆದು, ಪಾತ್ರೆ ನೋಡಿ, ನನ್ನನ್ನು ನೋಡಿ, ಅಂಗಿಯ ತೋಳು ಮೇಲೇರಿಸಿಕೊಂಡಳು. ಸಂಜೆ ಬಿಳಿ ಕುಕಿಗಳನ್ನು ತಂದಳು. ಕುರ್ಚೊ ಹೆಂಗಸೂ ತಂದಳು. ಅಮ್ಮ ಕಪ್ಪು ಉಟ್ಟು ಅಡುಗೆಮನೆಯಲ್ಲಿ ಕೂತಿದ್ದಳು. ಅತ್ತೆ ಅವಳ ಪಕ್ಕ ಕೂತು ಕೊನೆಗೂ ಮನಸಾರೆ ಅತ್ತು, ಮೂಗೊರೆಸಿಕೊಂಡು, "ಹಿಟ್ಟಿಗೆ ಸಕ್ಕರೆ ಕಮ್ಮಿ ಹಾಕಿದೀಯ ಅತ್ತಿಗೆ, ಯಾವಾಗಲೂ ಕಮ್ಮಿ ಹಾಕ್ತೀಯ," ಎಂದಳು. "ನಿನ್ನ ನಾಲಿಗೇಲಿ ಇಲ್ಲದ್ದು ಹಿಟ್ಟಲ್ಲಿ ಹುಡುಕ್ತೀಯ," ಎಂದಳು ಅಮ್ಮ.

ಲಿಲ್ಲೊನ ಆತ್ಮಕ್ಕಾಗಿ ಚರ್ಚಿನಲ್ಲಿ ಪೂಜೆ ಜನವರಿ ಏಳು, ಶನಿವಾರ ಬೆಳಿಗ್ಗೆ. ಅಮ್ಮನೇ ಹೋಗಿ ಪಾದ್ರಿಗಳಿಗೆ ಹೇಳಿ ಬಂದಳು. ರಾತ್ರಿ ಅವಳೇ ಬಾಗಿಲಿಗೆ ಚಿಲಕ ಹಾಕಿದಳು. ಆ ಸದ್ದು ಕೇಳಿ ನನಗೆ ತುಂಬ ಹೊತ್ತು ನಿದ್ದೆ ಬರಲಿಲ್ಲ.

ನೀನು ತಂದದ್ದನ್ನು ಅವಳು ಯಾರಿಗೂ ಕೊಡಲಿಲ್ಲ. ದಿನಕ್ಕೊಂದಿಷ್ಟು ತಾನೇ ತಿಂದು ಮುಗಿಸಿದಳು. ಇವತ್ತು ಮಧ್ಯಾಹ್ನ ತಟ್ಟೆ ಖಾಲಿಯಾಯಿತು. "ಕಳಿಸಬೇಕಲ್ಲ ಇದನ್ನ. ಪೊಟ್ಟಣ ಕಟ್ಟು," ಎಂದಳು. ಹಳೆಯ ಪತ್ರಿಕೆ ಸುತ್ತಿ, ಕಂದು ಕಾಗದ ಹಾಕಿ, ದಾರ ಬಿಗಿದೆ. "ಹೆಸರು, ವಿಳಾಸ ಬರಿ," ಎಂದಳು. ಆಗಲೂ ನಿನ್ನ ಹೆಸರು ಹೇಳಲಿಲ್ಲ.

ಪೆನ್ನು ನನ್ನ ಕೈಯಲ್ಲೇ ಇತ್ತು. ಬರೆಯಲು ಹೋದವಳು ನಿಂತೆ. ಇಷ್ಟು ತಿಂಗಳು ಅವಳ ಮಾತನ್ನು ನಿನಗೆ, ನಿನ್ನ ಮಾತನ್ನು ಅವಳಿಗೆ ನಾನು ಹೊತ್ತು ತಿರುಗಿದೆ. "ನೋಡಿದಾನಾ" ಎಂದು ಅವಳು ಕೇಳಿದಾಗ ನಿನ್ನ ಬದಲು ಹೂಂ ಎಂದವಳೂ ನಾನೇ. ಆ ಹೂಂ ನನ್ನದಾಗಿರಲಿಲ್ಲ, ಪಪ್ಪಾ. ನನಗೆ ತುಂಬ ಭಾರವಾಯಿತು ಅದು.

ವಿಳಾಸವನ್ನು ಚೀಟಿಯೊಂದರಲ್ಲಿ ಬರೆದು ಪೊಟ್ಟಣದ ಪಕ್ಕದಲ್ಲಿಟ್ಟೆ. ಚೀಟಿಯಲ್ಲಿ ಬೀದಿ ಇದೆ, ಊರಿದೆ. ಹೆಸರಿಲ್ಲ. "ಪೊಟ್ಟಣದ ಮೇಲೆ ನೀನೇ ಬರಿ ಅಮ್ಮಾ," ಎಂದೆ. ಅವಳು ನನ್ನನ್ನು ನೋಡಿದಳು, ಪೆನ್ನು ನೋಡಿದಳು, ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು.

ಪೊಟ್ಟಣ ಮೇಜಿನ ಮೇಲೆಯೇ ಇದೆ. ಅದು ನಾಳೆ ಹೊರಡುತ್ತದೋ, ವರ್ಷವಿಡೀ ಅಲ್ಲಿಯೇ ಇರುತ್ತದೋ ನನಗೆ ತಿಳಿಯದು. ಅವಳು ಮತ್ತೆ ಕೇಳಿದರೂ ನಾನು ಬರೆಯುವುದಿಲ್ಲ. ನಿನಗೂ ಇನ್ನು ಮೇಲೆ ಬರೆಯುವುದಿಲ್ಲ. ಏಳನೇ ತಾರೀಖು ಬರುವುದಾದರೆ ಅದನ್ನು ಅಮ್ಮನಿಗೆ ನೀನೇ ತಿಳಿಸು.

ನಿನ್ನ ಮಗಳು,
ಸೆರಫಿನಾ